ಟೈಲ್ಸ್ ಅಂಗಡಿಗೆ ಕೊನೆಗೆ ಹೋಗಿ

ಭಾನುವಾರ ಟೈಲ್ಸ್ ನೋಡೋಕೆ ಹೋಗ್ತಿದ್ದೀವಿ ಅತ್ತೆ, ನೀವೂ ಬನ್ನಿ ಅಂತ ಕರೆದೆಯಲ್ಲ, ನಾನು ಬರುವುದಿಲ್ಲ. ನೀವೂ ಹೋಗಬೇಡಿ. ಗೋಡೆ ಈಗಷ್ಟೇ ಎದ್ದಿದೆ, ಪ್ಲಂಬರ್ ಇನ್ನೂ ಗೋಡೆಗೆ ಕಟಿಂಗ್ ಮಷೀನ್ ಇಟ್ಟಿಲ್ಲ. ಈಗ ಅಂಗಡಿಗೆ ಹೋದರೆ ಅಲ್ಲಿನ ಹುಡುಗ ತಣ್ಣಗೆ ಕೂರಿಸಿ, ಕಾಫಿ ಕೊಟ್ಟು, ಕನ್ನಡಿಯಂತೆ ಹೊಳೆಯುವ ನಾಲ್ಕಡಿ ಟೈಲ್ಸ್ ತೋರಿಸಿ, ಮುಂಗಡ ಕಟ್ಟಿಸಿಕೊಂಡೇ ಕಳಿಸುತ್ತಾನೆ. ಆಮೇಲೆ ಆ ಟೈಲ್ಸಿಗೆ ತಕ್ಕ ಹಾಗೆ ಬಾತ್‌ರೂಮ್ ಕಟ್ಟುತ್ತಾ ಹೋಗುತ್ತೀರಿ. ಬೆಂಗಳೂರಿನಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಆಗುತ್ತಿರುವುದು ಅದೇ.

ಇಂಟೀರಿಯರ್‌ನವರು ಮಾಡಿಕೊಟ್ಟ ತ್ರೀಡಿ ಚಿತ್ರಗಳನ್ನೂ ನೋಡಿದೆ. ಕಪ್ಪು ನಲ್ಲಿ, ಗಾಜಿನ ಗೋಡೆ, ತಲೆಯ ಮೇಲೆ ಊಟದ ತಟ್ಟೆಯಷ್ಟಗಲದ ಶವರ್, ಮೂಲೆಯಲ್ಲೊಂದು ಗಿಡ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಬಕೆಟ್ ಎಲ್ಲಿದೆ? ಚೊಂಬೆಲ್ಲಿ? ಪೊರಕೆ, ಕಮೋಡ್ ಉಜ್ಜುವ ಬ್ರಷ್ಷು, ನಿಮ್ಮಪ್ಪ ಕೂತು ಸ್ನಾನ ಮಾಡುವ ಸ್ಟೂಲು? ನೆಲದ ನೀರು ಹೋಗುವ ತೂತೇ ಆ ಚಿತ್ರದಲ್ಲಿಲ್ಲ! ನೌಕರಿಯುದ್ದಕ್ಕೂ ಸರ್ಕಾರಿ ಕಟ್ಟಡಗಳು, ಹಾಸ್ಟೆಲ್ಲುಗಳು, ಕ್ವಾರ್ಟರ್ಸುಗಳ ಕೆಲಸ ನೋಡಿಕೊಂಡವಳು ನಾನು. ದೂರು ಅಂತ ಬರುತ್ತಿದ್ದ ಕಾಗದಗಳಲ್ಲಿ ಬಣ್ಣ ಸರಿಯಿಲ್ಲ, ಟೈಲ್ಸ್ ಡಿಸೈನ್ ಸರಿಯಿಲ್ಲ ಎಂದು ಒಬ್ಬರೂ ಬರೆದಿರಲಿಲ್ಲ. ನೀರು ನಿಲ್ಲುತ್ತದೆ, ನೀರು ಸೋರುತ್ತದೆ, ವಾಸನೆ ಬರುತ್ತದೆ, ಜಾರಿ ಬಿದ್ದರು. ಈ ನಾಲ್ಕೇ. ಬಾತ್‌ರೂಮಿನಲ್ಲಿ ಮೊದಲು ಯೋಚಿಸಬೇಕಾದ್ದು ನೀರಿನ ದಾರಿಯನ್ನು. ಅಂದಚೆಂದ ಆಮೇಲೆ ತಾನಾಗಿ ಕೂರುತ್ತದೆ.

ಮೊದಲು ನೀವು ಹೇಗೆ ಸ್ನಾನ ಮಾಡುತ್ತೀರಿ ಅಂತ ಪ್ರಾಮಾಣಿಕವಾಗಿ ಹೇಳಿ. ನೀವಿಬ್ಬರು ಶವರಿನ ಕೆಳಗೆ ನಿಲ್ಲುತ್ತೀರಿ, ಸರಿ. ನಿಮ್ಮಪ್ಪನಿಗೆ, ಅಂದರೆ ನನ್ನ ಅಣ್ಣನಿಗೆ, ಬಕೆಟ್ಟೇ ಬೇಕು. ನಿನ್ನ ಹೆಂಡತಿಗೂ ತಲೆಸ್ನಾನದ ದಿನ ಬಕೆಟ್ ಬೇಕು, ಕೇಳಿ ನೋಡು. ನಾಳೆ ಮಗುವಾದರೆ ಅದಕ್ಕೆ ನೀರು ಹಾಕುವವರು ಮಣೆಯ ಮೇಲೆ ಕಾಲು ಚಾಚಿ ಕೂರುವಷ್ಟು ಜಾಗ ಬೇಕು. ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ ಮನೆಮಂದಿಗೆಲ್ಲ ಎಣ್ಣೆಸ್ನಾನ ಅಂದರೆ ನೆಲದ ಮೇಲೆ ಎಷ್ಟು ಎಣ್ಣೆ ಇರುತ್ತದೆ ಯೋಚಿಸು. ನಿಮ್ಮ ನಕ್ಷೆಯಲ್ಲಿರುವ ಐದಡಿ-ಎಂಟಡಿ ಬಾತ್‌ರೂಮ್ ಸಣ್ಣದೇನಲ್ಲ. ಸ್ನಾನ, ಕಮೋಡ್ ಎರಡೂ ಸೇರಿದ ಬಾತ್‌ರೂಮಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಅಳತೆ 2.8 ಚದರ ಮೀಟರ್, ಅಂದರೆ ಸುಮಾರು 30 ಚದರಡಿ. ನಿಮ್ಮದು 40. ಆದರೆ ಅದರ ನಡುವೆ ಗಾಜು ನಿಲ್ಲಿಸಿದಿರೋ, ಇಬ್ಬರಿಗೆ ಸಾಲುತ್ತಿದ್ದ ಜಾಗ ಒಬ್ಬರಿಗೂ ಸಾಲದು. ಬಗ್ಗಿ ನೀರು ಮೊಗೆಯುವಾಗ ಮೊಣಕೈ ಗಾಜಿಗೆ ಬಡಿಯುತ್ತದೆ.

ಗಾಜಿಗೆ ಇನ್ನೊಂದು ತಕರಾರಿದೆ. ನಿಮ್ಮ ಬಡಾವಣೆಗೆ ಸದ್ಯ ಬೋರ್‌ವೆಲ್ ನೀರು, ಅದು ಬತ್ತಿದರೆ ಟ್ಯಾಂಕರ್ ನೀರು. ಗಡಸು ನೀರು. ಹನಿ ಆರಿದಲ್ಲೆಲ್ಲ ಬಿಳಿ ಕಲೆ ಉಳಿಯುತ್ತದೆ. ಗಾಜಿನ ಮೇಲೆ, ಆ ಕಪ್ಪು ನಲ್ಲಿಗಳ ಮೇಲಂತೂ ಸುಣ್ಣ ಬಳಿದ ಹಾಗೆ ಕಾಣುತ್ತದೆ. ದಿನಾ ಸ್ನಾನವಾದ ಮೇಲೆ ರಬ್ಬರ್ ವೈಪರಿನಲ್ಲಿ ಒರೆಸಿ ಬರುವ ಶಿಸ್ತು ನಿನಗಿದೆಯೇ? ನಿನ್ನ ಹಾಸಿಗೆಯ ಹೊದಿಕೆ ಮಡಚುವುದು ಯಾರು ಅಂತ ನನಗೆ ಗೊತ್ತು, ಉತ್ತರ ಬೇಡ. ಕ್ರೋಮ್ ನಲ್ಲಿಗಳನ್ನೇ ಹಾಕಿಸಿ. ಅದರ ಮೇಲೂ ಕಲೆ ಕೂರುತ್ತದೆ, ಆದರೆ ಕಪ್ಪಿನಷ್ಟು ಎದ್ದು ಕಾಣುವುದಿಲ್ಲ, ಉಜ್ಜಿ ತೆಗೆಯುವುದೂ ಸುಲಭ. ಗಾಜಿನ ಬದಲು ಕಮೋಡಿಗೂ ಸ್ನಾನದ ಜಾಗಕ್ಕೂ ನಡುವೆ ಮುಕ್ಕಾಲು ಇಂಚು ಎತ್ತರದ ಒಂದು ಗ್ರಾನೈಟ್ ಪಟ್ಟಿ, ಬೇಕಾದರೆ ಒಂದು ಪರದೆ. ನೀರು ಈಚೆ ಬರುವುದಿಲ್ಲ, ಬಕೆಟ್ಟಿಗೂ ಅಡ್ಡಿಯಿಲ್ಲ. ಅಪ್ಪನ ಬಾತ್‌ರೂಮಿನಲ್ಲಿ ಮಾತ್ರ ಆ ಪಟ್ಟಿಯೂ ಬೇಡ, ಎಡವುತ್ತಾರೆ.

ಬಕೆಟ್ಟಿನ ವಿಷಯ ಬಂತಲ್ಲ, ಒಂದು ಸಣ್ಣ ಅಳತೆ ಹೇಳಿಬಿಡುತ್ತೇನೆ. ಪ್ಲಂಬರುಗಳು ಅಭ್ಯಾಸಬಲದಿಂದ ಒಂದು ಎತ್ತರಕ್ಕೆ ನಲ್ಲಿ ಕೂರಿಸುತ್ತಾರೆ, ಟೈಲ್ಸ್ ಬಂದು ನೆಲ ಮೇಲೇರಿದ ಮೇಲೆ ನೋಡಿದರೆ ದೊಡ್ಡ ಬಕೆಟ್ ಓರೆ ಮಾಡಿಯೇ ತೂರಿಸಬೇಕು. ನಿಮ್ಮ ಮನೆಯ ದೊಡ್ಡ ಬಕೆಟ್ಟನ್ನೇ ಸೈಟಿಗೆ ತೆಗೆದುಕೊಂಡು ಹೋಗು. ಮುಗಿದ ನೆಲ ಎಲ್ಲಿಗೆ ಬರುತ್ತದೆ ಎಂದು ಗೋಡೆಯ ಮೇಲೆ ಗೆರೆ ಹಾಕಿಸಿ, ಬಕೆಟ್ಟಿನ ಹಿಡಿ ಮೇಲೆತ್ತಿ ನಿಲ್ಲಿಸಿ, ಅದರ ಮೇಲೆ ನಾಲ್ಕು ಬೆರಳು ಬಿಟ್ಟು ನಲ್ಲಿಯ ಬಾಯಿಗೆ ಗುರುತು ಮಾಡಿಸು. ಮೇಸ್ತ್ರಿ ನಗುತ್ತಾನೆ. ನಗಲಿ.

ಇನ್ನು ನೆಲ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳು.

ಗಾರೆ ಕೆಲಸದವನ ಹೆಮ್ಮೆಯಿರುವುದು ಮಟ್ಟದಲ್ಲಿ. ಹಾಲು, ರೂಮು, ಅಡುಗೆಮನೆ ಎಲ್ಲ ಕಡೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಂತಿತಾ ಅಂತ ನೋಡಿ ನೋಡಿ ಅವನ ಕೈ ಪಳಗಿರುತ್ತದೆ. ಬಾತ್‌ರೂಮಿಗೆ ಬಂದಾಗಲೂ ಆ ಕೈ ಮಟ್ಟವನ್ನೇ ಹುಡುಕುತ್ತದೆ. ಇಲ್ಲಿ ಬೇಕಾದ್ದು ಇಳಿಜಾರು. ಎಂಟಡಿಗೆ ಕನಿಷ್ಠ ಒಂದಿಂಚು, ಸ್ನಾನದ ಜಾಗದಲ್ಲಿ ಇನ್ನೊಂದಿಷ್ಟು ಹೆಚ್ಚು. ಅದಕ್ಕಿಂತ ಕಡಿಮೆಯಾದರೆ ನೀರು ತೆಳ್ಳಗೆ ನಿಂತುಕೊಂಡೇ ಇರುತ್ತದೆ, ನಿಂತಲ್ಲಿ ಪಾಚಿ, ಪಾಚಿಯ ಮೇಲೆ ಕಾಲು. ವಿಪರೀತ ಹೆಚ್ಚಾದರೂ ಸ್ಟೂಲು ಅಲುಗುತ್ತದೆ, ವಯಸ್ಸಾದವರಿಗೆ ನಿಂತರೆ ತಲೆ ತಿರುಗಿದ ಹಾಗಾಗುತ್ತದೆ. ನಮ್ಮ ಹಳೆಯ ಮನೆಯ ಬಚ್ಚಲು ನಿನಗೆ ನೆನಪಿದೆಯೋ ಇಲ್ಲವೋ, ಹಂಡೆಯ ಪಕ್ಕ ಒಂದೇ ಚಪ್ಪಡಿ, ಕಲ್ಲುಕುಟಿಗ ಮೂಲೆಯ ಕಿಂಡಿಯ ಕಡೆಗೆ ತಗ್ಗಿಸಿ ಉಳಿಯಲ್ಲಿ ಒರಟು ಬಿಟ್ಟು ಕಡೆದದ್ದು. ಚೊಂಬಿನಷ್ಟು ನೀರು ಚೆಲ್ಲಿದರೂ ಅದು ಎತ್ತ ಹೋಗಬೇಕು ಅಂತ ಯೋಚಿಸುತ್ತಿರಲಿಲ್ಲ.

ಇಳಿಜಾರಿಗೂ ಟೈಲ್ಸಿನ ಅಳತೆಗೂ ನೇರ ಸಂಬಂಧವಿದೆ, ಅದಕ್ಕೇ ಅಂಗಡಿಗೆ ಈಗಲೇ ಹೋಗಬೇಡಿ ಅಂದದ್ದು. ನೀರು ಒಂದು ಮೂಲೆಯ ನಹಾನಿ ಟ್ರ್ಯಾಪಿಗೆ, ಅಂದರೆ ನೆಲದ ನೀರು ಹೋಗುವ ಆ ತೂತಿಗೆ, ಸೇರಬೇಕಾದರೆ ನೆಲ ಎರಡು ದಿಕ್ಕಿನಿಂದಲೂ ತಗ್ಗಬೇಕು. ಟ್ರ್ಯಾಪ್ ನಡುವೆ ಇದ್ದರೆ ನಾಲ್ಕು ದಿಕ್ಕಿನಿಂದ. ಎರಡಡಿಯ ಟೈಲ್ ಬಾಗುವುದಿಲ್ಲವಲ್ಲ? ಹಾಗಾಗಿ ಒಂದೋ ಅದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಬೇಕು, ಇಲ್ಲವೇ ಇಳಿಜಾರನ್ನೇ ಬಿಡಬೇಕು. ಕೆಲಸದವರು ಎರಡನೆಯದನ್ನು ಮಾಡುತ್ತಾರೆ, ಯಾಕೆಂದರೆ ಕತ್ತರಿಸಿದರೆ ಮನೆಯವರು ಬೈಯುತ್ತಾರೆ. ನೆಲಕ್ಕೆ ಒಂದಡಿಯ ಟೈಲ್ಸೇ ಸಾಕು, ಇನ್ನೂ ಚಿಕ್ಕದಾದರೆ ಇನ್ನೂ ಒಳ್ಳೆಯದು. ಹೆಚ್ಚು ಸಂದುಗಳಿದ್ದರೆ ಕಾಲಿಗೆ ಹಿಡಿತವೂ ಹೆಚ್ಚು. ದೊಡ್ಡ ಟೈಲ್ಸ್ ಮೇಲೆ ಮನಸ್ಸಾಗಿದ್ದರೆ ಗೋಡೆಗೆ ಹಾಕಿಕೊಳ್ಳಿ, ಬೇಡ ಅನ್ನುವವರು ಯಾರು.

ನೆಲಕ್ಕೆ ಹೊಳಪು ಬೇಡವೇ ಬೇಡ. ಮ್ಯಾಟ್ ಅನ್ನುವುದನ್ನೂ ಕಣ್ಣಿನಿಂದ ನಿರ್ಧರಿಸಬೇಡ. ಅಂಗಡಿಯಲ್ಲಿ ಒಂದು ಟೈಲನ್ನು ನೆಲದ ಮೇಲಿಡಿಸಿ, ಒಂದು ಲೋಟ ನೀರು ಸುರಿದು, ಚಪ್ಪಲಿ ಬಿಟ್ಟು ಒದ್ದೆ ಪಾದದಲ್ಲಿ ಹತ್ತಿ ನಿಲ್ಲು. ಪೆಟ್ಟಿಗೆಯ ಮೇಲೆ ಆರ್10, ಆರ್11 ಎಂದು ಜಾರುನಿರೋಧದ ಅಂಕೆ ಇರುತ್ತದೆ. ಅಂಕೆ ಏರಿದಷ್ಟೂ ಹಿಡಿತ ಹೆಚ್ಚು, ಆದರೆ ಒರಟೂ ಹೆಚ್ಚು, ಕೊಳೆ ಕೂರುವುದೂ ಹೆಚ್ಚು. ನಿಮ್ಮ ರೂಮಿನ ಬಾತ್‌ರೂಮಿಗೆ 10 ಸಾಕು, ಅಪ್ಪನ ಬಾತ್‌ರೂಮಿನ ಸ್ನಾನದ ಜಾಗಕ್ಕೆ 11 ಕೇಳಿ. ಟೈಲ್ಸ್ ಬೇಡವೆಂದರೆ ಸಾದರಹಳ್ಳಿ ಕಲ್ಲನ್ನು ಫ್ಲೇಮ್ ಮಾಡಿಸಿ ಹಾಕಬಹುದು. ಬೂದುಬಣ್ಣ, ಸಪ್ಪೆ ಅನ್ನುತ್ತೀರಿ. ಅದರ ಮೇಲೆ ಎಣ್ಣೆ ಚೆಲ್ಲಿದರೂ ಕಾಲು ನಿಲ್ಲುತ್ತದೆ. ಮಾರ್ಬಲ್ ಮಾತ್ರ ಆ ಕಡೆ ತರಲೇಬೇಡಿ. ನಮ್ಮಲ್ಲಿ ಬಾತ್‌ರೂಮ್ ತೊಳೆಯುವುದೆಂದರೆ ಆ್ಯಸಿಡ್ ಸುರಿಯುವುದು, ಮಾರ್ಬಲ್ಲಿಗೆ ಆ್ಯಸಿಡ್ ಬಿದ್ದರೆ ಅಲ್ಲೇ ನೊರೆಯೆದ್ದು ಹೊಳಪು ಹೋಗುತ್ತದೆ.

ಟ್ರ್ಯಾಪ್ ಎಲ್ಲಿರಬೇಕು? ಬಾಗಿಲಿಗೆ ದೂರದ ಮೂಲೆಯಲ್ಲಿ, ಬಕೆಟ್ ಇಡುವ ಜಾಗಕ್ಕೆ ತುಸು ಪಕ್ಕದಲ್ಲಿ. ಬಕೆಟ್ಟಿನ ಅಡಿಗೇ ಬಂದರೆ ದಿನಾ ಎತ್ತಿಟ್ಟು ಕೂದಲು ತೆಗೆಯಬೇಕು. ಅದರೊಳಗೆ ಯಾವಾಗಲೂ ಎರಡಿಂಚು ನೀರು ನಿಂತಿರಬೇಕು, ಆ ನೀರೇ ಕೆಳಗಿನ ವಾಸನೆ, ಜಿರಳೆ ಮೇಲೆ ಬರದಂತೆ ತಡೆಯುವ ಬೀಗ. ದುಡ್ಡುಳಿಸಲು ಆಳವಿಲ್ಲದ ಟ್ರ್ಯಾಪ್ ಕೂರಿಸಿದರೆ ಆ ನೀರು ಬೇಗ ಆರುತ್ತದೆ. ನೆಂಟರ ರೂಮಿನ ಬಾತ್‌ರೂಮಿಗೆ ವಾರಕ್ಕೊಮ್ಮೆ ಹೋಗಿ ಒಂದು ಚೊಂಬು ನೀರು ಹಾಕಿ ಬರುವ ರೂಢಿ ಮಾಡಿಕೊಳ್ಳಿ. ವಾಸನೆ ಬಂತೆಂದು ಊದಿನಕಡ್ಡಿ ಹಚ್ಚುವವರನ್ನು ನೋಡಿದ್ದೇನೆ, ಬೇಕಿರುವುದು ಆ ಒಂದು ಚೊಂಬು ನೀರು.

ಟೈಲ್ಸಿನ ಕೆಳಗಿನದ್ದಕ್ಕೆ ಬರೋಣ. ನಿನ್ನ ಬಜೆಟ್ಟಿನಲ್ಲಿ ವಾಟರ್‌ಪ್ರೂಫಿಂಗ್ ಎಂಬ ಸಾಲಿನ ಎದುರು ಬರೆದಿರುವ ಮೊತ್ತ ನೋಡಿದೆ, ಆ ತಟ್ಟೆ ಶವರಿನ ಬೆಲೆಗಿಂತ ಕಡಿಮೆ. ತಿದ್ದು. ಮೇಲಿನ ಮಹಡಿಯ ಬಾತ್‌ರೂಮ್ ಇರುವುದು ಕೆಳಗಿನ ಊಟದ ಮನೆಯ ನೆತ್ತಿಯ ಮೇಲೆ. ಅದಕ್ಕೆ ಸ್ಲ್ಯಾಬನ್ನು ಒಂದಡಿಗೂ ಹೆಚ್ಚು ತಗ್ಗಿಸಿ ಹಾಕಿದ್ದಾರೆ, ಪೈಪುಗಳೆಲ್ಲ ಅದರಲ್ಲೇ ಹಾಯುತ್ತವೆ, ಆಮೇಲೆ ಇಟ್ಟಿಗೆ ಚೂರು ತುಂಬಿ ಮುಚ್ಚುತ್ತಾರೆ. ಒಳಗೆ ಒಂದು ಜಾಯಿಂಟ್ ಜಿನುಗಿದರೂ ಆ ಗುಂಡಿ ತಿಂಗಳುಗಟ್ಟಲೆ ನೀರು ಕುಡಿದು, ಒಂದು ದಿನ ಕೆಳಗಿನ ಸೀಲಿಂಗಿನಲ್ಲಿ ಕಂದು ಬಣ್ಣದ ಉಂಗುರವಾಗಿ ತೋರುತ್ತದೆ. ಅಷ್ಟರಲ್ಲಿ ಮೇಲೆ ಟೈಲ್ಸ್ ಹಾಕಿ, ಗೃಹಪ್ರವೇಶ ಮಾಡಿ, ಕಾಂಟ್ರಾಕ್ಟರಿಗೆ ಕೊನೆಯ ಕಂತೂ ಕೊಟ್ಟಾಗಿರುತ್ತದೆ.

ಆದ್ದರಿಂದ ಗುಂಡಿಯ ತಳಕ್ಕೆ ಒಮ್ಮೆ, ತುಂಬಿ ಮುಚ್ಚಿದ ಮೇಲೆ ಟೈಲ್ಸಿನ ಅಡಿಗೆ ಇನ್ನೊಮ್ಮೆ, ಎರಡೂ ಕಡೆ ಲೇಪನ ಬೇಕು. ಪ್ರತಿ ಸಲವೂ ಎರಡು ಕೋಟು, ಒಂದು ಅಡ್ಡಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಉದ್ದಕ್ಕೆ. ಗೋಡೆ ನೆಲ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ದುಂಡಗೆ ಮಾಡಿಸಿ, ಚೂಪು ಮೂಲೆಯಲ್ಲೇ ಲೇಪನ ಬಿರಿಯುವುದು. ಗೋಡೆಯ ಮೇಲೆ ಸುತ್ತಲೂ ಒಂದಡಿ, ಶವರಿನ ಜಾಗದಲ್ಲಿ ತಲೆಗಿಂತ ಮೇಲಕ್ಕೆ. ಪೈಪು ಸ್ಲ್ಯಾಬಿನಿಂದ ಹೊರಬರುವ ಸುತ್ತಳತೆ, ಟ್ರ್ಯಾಪಿನ ಕತ್ತು, ಈ ಎರಡು ಕಡೆ ನೀನೇ ಟಾರ್ಚ್ ಹಿಡಿದು ನೋಡು. ಸೋರಿಕೆ ಹೆಚ್ಚಾಗಿ ಹೊರಡುವುದು ಆ ಸಂದುಗಳಿಂದಲೇ. ಆಮೇಲೆ ಟ್ರ್ಯಾಪಿನ ಬಾಯಿ ಕಟ್ಟಿ, ನೀರು ನಿಲ್ಲಿಸಿ, ಅಂಚಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, 48 ಗಂಟೆ ಬಿಡು. ಗೆರೆಗಿಂತ ಕೂದಲೆಳೆಯಷ್ಟು ಇಳಿದರೆ ಅದು ಆವಿಯಾದದ್ದು. ಬೆರಳಗಲ ಇಳಿದಿದ್ದರೆ, ಕೆಳಗಡೆ ಒದ್ದೆ ಕಂಡಿದ್ದರೆ, ಎಲ್ಲ ಕೆರೆದು ಮತ್ತೆ. ‘ಒಂದು ರಾತ್ರಿ ಸಾಕು ಮೇಡಂ’ ಎಂದು ನನಗೂ ಹೇಳುತ್ತಿದ್ದರು.

ನೀರು ಬರುವ ಪೈಪುಗಳಿಗೂ ಟೈಲ್ಸಿಗೆ ಮೊದಲೇ ಪ್ರೆಶರ್ ಪರೀಕ್ಷೆ ಆಗಲಿ. ಕೈಪಂಪಿನಿಂದ ಒತ್ತಡ ಕೊಟ್ಟು ಮೀಟರಿನ ಮುಳ್ಳು ಗಂಟೆಗಟ್ಟಲೆ ಅಲ್ಲಾಡದೆ ನಿಂತಿದೆಯೇ ನೋಡಬೇಕು. ಅದಾದ ದಿನವೇ ಪ್ರತಿ ಗೋಡೆಗೂ ಟೇಪು ಹಿಡಿಸಿ ಫೋಟೋ ತೆಗೆದಿಟ್ಟುಕೋ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಅಂಕೆ ಕಾಣಬೇಕು. ಮುಂದೆ ಕನ್ನಡಿ ನೇತುಹಾಕಲು ಡ್ರಿಲ್ ತಂದವನು ಬಿಸಿನೀರಿನ ಪೈಪಿಗೇ ತೂತು ಹಾಕುವುದು ತಪ್ಪುತ್ತದೆ.

ಟೈಲ್ಸ್ ಹಾಕುವ ದಿನ ನೀನು ರಜೆ ಹಾಕಿ ಸೈಟಿನಲ್ಲಿರು. ಸಂಜೆ ಕೆಲಸ ಮುಗಿಸಿ ಬಾಂಡ್ಲಿ, ಕರಣೆ ತೊಳೆದ ಸಿಮೆಂಟ್ ನೀರನ್ನು ಅವರು ಎಲ್ಲಿಗೆ ಸುರಿಯುತ್ತಾರೆ ಗೊತ್ತೇ? ಎದುರಿಗಿರುವ ಆ ಟ್ರ್ಯಾಪಿಗೇ. ಕೆಟ್ಟ ಬುದ್ಧಿಯಿಂದಲ್ಲ, ಹತ್ತಿರದ ತೂತು ಅದೇ ಅಂತ. ಅದು ಬಾಗಿನಲ್ಲಿ ಕೂತು ಬೆಳಗಾಗುವುದರೊಳಗೆ ಕಲ್ಲಾಗುತ್ತದೆ. ಹೊಸ ಮನೆಯಲ್ಲಿ ಮೊದಲ ದಿನದಿಂದಲೇ ನೀರು ನಿಧಾನಕ್ಕೆ ಹೋಗುತ್ತದೆ ಅಂದರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ. ಟ್ರ್ಯಾಪಿನ ಬಾಯಿಗೆ ಗೋಣಿ ತುರುಕಿ ಮೇಲೆ ಟೇಪು ಸುತ್ತಿಸು, ತೊಳೆಯಲು ಹೊರಗೊಂದು ಡ್ರಮ್ ಇಡಿಸು. ಟೈಲ್ಸ್ ಅಂಟಿಸಲು ಬರೀ ಸಿಮೆಂಟ್ ಹಾಲು ಬೇಡ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ, ಸಿಮೆಂಟ್ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಅದಕ್ಕೆಂದೇ ಬರುವ ಅಂಟನ್ನು ಹಲ್ಲಿನ ಕರಣೆಯಲ್ಲಿ ಪೂರ್ತಿ ಹರಡಬೇಕು, ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತುವುದಲ್ಲ. ಮರುದಿನ ನಾಣ್ಯದಿಂದ ಒಂದೊಂದನ್ನೂ ತಟ್ಟು, ಟೊಳ್ಳು ಸದ್ದು ಬಂದದ್ದನ್ನು ಕೀಳಿಸು. ಟೈಲ್ಸ್ ನಡುವೆ ಎರಡು-ಮೂರು ಮಿಲಿಮೀಟರ್ ಸಂದು ಬಿಡಿಸಿ ಎಪಾಕ್ಸಿ ತುಂಬಿಸು. ಸಂದೇ ಕಾಣಬಾರದು ಅನ್ನುವ ಹಟ ಈಚೆಗೆ ಹೆಚ್ಚಾಗಿದೆ, ಅದು ತಪ್ಪು. ಎಪಾಕ್ಸಿಯನ್ನು ಹಸಿಯಿರುವಾಗಲೇ ಒರೆಸಿಬಿಡಬೇಕು, ಗಟ್ಟಿಯಾದರೆ ಟೈಲ್ಸ್ ಮೇಲೆ ಮಂಜಿನಂತೆ ಉಳಿದುಬಿಡುತ್ತದೆ.

ಈಗ ನಿನ್ನ ಆಸೆಯ ಶವರಿಗೆ ಬರುತ್ತೇನೆ. ಲೆಕ್ಕ ನೀನೇ ಮಾಡು. ನೀರಿನ ಮಟ್ಟ ಹತ್ತು ಮೀಟರ್ ಎತ್ತರವಿದ್ದರೆ ಒಂದು ಬಾರ್ ಒತ್ತಡ. ಮೇಲಿನ ಮಹಡಿಯಲ್ಲಿ ಶವರ್ ಇರುವುದು ಏಳಡಿಯಲ್ಲಿ, ಸ್ಲ್ಯಾಬ್ ಹತ್ತಡಿಯಲ್ಲಿ, ಅದರ ಮೇಲೆ ಐದಡಿ ಸ್ಟ್ಯಾಂಡು, ಆಮೇಲೆ ಟ್ಯಾಂಕು. ಅಂತೂ ಇಂತೂ ನಿನಗೆ ಸಿಗುವುದು ಮೂರು ಮೀಟರ್, ಅಂದರೆ 0.3 ಬಾರ್. ಆ ಅಗಲದ ಶವರಿಗೆ ಸಾಮಾನ್ಯವಾಗಿ ಒಂದು ಬಾರಾದರೂ ಬೇಕು. ಷೋರೂಮಿನಲ್ಲಿ ಧೋ ಎಂದು ಸುರಿಯುತ್ತದೆ, ಅಲ್ಲಿ ಗೋಡೆಯ ಹಿಂದೆ ಪಂಪು ಇರುತ್ತದೆ. ನಿನ್ನ ಮನೆಯಲ್ಲಿ ಮಾಡಿನ ಅಂಚಿನ ಹನಿಯಂತೆ ತೊಟ್ಟಿಕ್ಕುತ್ತದೆ, ಸೋಪು ತೊಳೆದುಕೊಳ್ಳಲು ಕೊನೆಗೆ ಅದೇ ಬಕೆಟ್. ಪ್ರೆಶರ್ ಪಂಪ್ ಹಾಕಿಸುವುದಾದರೆ ಹಾಕಿಸು. ಆದರೆ ಅದಕ್ಕೆ ಕರೆಂಟು ಬೇಕು, ಸದ್ದು ಮಾಡುತ್ತದೆ, ಅದಕ್ಕೊಂದು ನೆರಳಿನ ಜಾಗ ಈಗಲೇ ಬಿಡಬೇಕು. ನೀರೂ ದುಪ್ಪಟ್ಟು ಹೋಗುತ್ತದೆ. 2024ರ ಬೇಸಿಗೆಯಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆಲ್ಲ ನೀರು ಉಳಿಸುವ ಏರೇಟರ್ ಕಡ್ಡಾಯ ಮಾಡಿದ ಊರಿದು. ಟ್ಯಾಂಕರಿನವನ ಮುಂದೆ ಫೋನ್ ಹಿಡಿದು ನಿಂತದ್ದು ಅಷ್ಟು ಬೇಗ ಮರೆತುಹೋಯಿತೇ? ಕಡಿಮೆ ಒತ್ತಡಕ್ಕೆಂದೇ ಮಾಡಿದ ಸಣ್ಣ ಶವರುಗಳಿವೆ, ಜೊತೆಗೊಂದು ಕೈಶವರ್. ಅದೇ ಸಾಕು.

ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರಿನ ಒಳಭಾಗ ಗೋಡೆಯೊಳಗೆ ಹೂತುಹೋಗುತ್ತದೆ. ಬಿಡಿಭಾಗ ಹತ್ತು ವರ್ಷದ ನಂತರವೂ ಸಿಗುವಂಥ ಕಂಪನಿಯದನ್ನೇ ಕೊಳ್ಳು. ದುಬಾರಿ ನಲ್ಲಿಗೆ ಖರ್ಚು ಮಾಡಬೇಕೆಂದಿದ್ದರೆ ಇಲ್ಲಿ ಮಾಡು. ಕಮೋಡನ್ನೂ ಪ್ಲಂಬರ್ ಪೈಪು ಹಾಕುವ ಮೊದಲೇ ಆರಿಸಿರಬೇಕು. ನೆಲಕ್ಕೆ ಇಳಿಯುವ ಪೈಪು ಗೋಡೆಯಿಂದ ಒಂಬತ್ತು ಇಂಚಿಗೋ ಹನ್ನೆರಡು ಇಂಚಿಗೋ ಎಂಬುದು ಕಮೋಡಿನಿಂದ ಕಮೋಡಿಗೆ ಬೇರೆ. ಅಂದಾಜಿನಲ್ಲಿ ಪೈಪು ಬಿಟ್ಟು ಆಮೇಲೆ ತಂದರೆ ಹಿಂದೆ ಕಿರಿದಾದ ಸಂದು ಉಳಿಯುತ್ತದೆ, ಆ ಸಂದಿಗೆ ಕೈಯೂ ಹೋಗುವುದಿಲ್ಲ, ಪೊರಕೆಯೂ ಹೋಗುವುದಿಲ್ಲ.

ಬಿಸಿನೀರಿನ ವಿಷಯದಲ್ಲಿ ಒಂದು ಮಾತು ಮಾತ್ರ ಗದರಿಯೇ ಹೇಳುತ್ತೇನೆ. ಗ್ಯಾಸ್ ಗೀಸರ್ ಬಾತ್‌ರೂಮಿನೊಳಗೆ ಬೇಡ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಭಾರವಾಯಿತು ಅನ್ನಿಸುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಕೈಯಲ್ಲಿರುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿ ಪತ್ರಿಕೆಯಲ್ಲಿ ಆಗಾಗ ಓದುತ್ತೇವಲ್ಲ, ಹಲವು ಇದೇ. ಗ್ಯಾಸೇ ಬೇಕಿದ್ದರೆ ಅದು ಹೊರಗಿನ ಯುಟಿಲಿಟಿಯಲ್ಲಿರಲಿ. ಕರೆಂಟಿನದಾದರೆ ಸ್ವಿಚ್ ಬಾಗಿಲಿನ ಹೊರಗೆ, ಅರ್ತಿಂಗ್ ಸರಿಯಾಗಿ, ಮೇನ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಗೀಸರನ್ನು ಫಾಲ್ಸ್ ಸೀಲಿಂಗಿನೊಳಗೆ ಬಚ್ಚಿಡುವ ಫ್ಯಾಷನ್ನು ನಿಮ್ಮ ಚಿತ್ರದಲ್ಲೂ ಇದೆ. ಗಡಸು ನೀರಿಗೆ ಅದರ ಕಾಯಿಲು ಸುಣ್ಣ ಕಟ್ಟುತ್ತದೆ, ಬಿಚ್ಚಿ ಕೆರೆಯುವವನು ಏಣಿ ಹಾಕಿ ಎಲ್ಲಿ ಕೈ ಹಾಕಬೇಕು? ಸೋಲಾರ್ ಹಾಕಿಸುತ್ತಿದ್ದೀರಿ, ಸಂತೋಷ. ಪೈಪು ಆದಷ್ಟು ಗಿಡ್ಡವಿರಲಿ. ಮುಕ್ಕಾಲಿಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ಹದಿನಾರು ಮೀಟರ್ ಸುತ್ತಿಸಿದರೆ ಪ್ರತಿ ಬೆಳಿಗ್ಗೆ ನಾಲ್ಕು ಲೀಟರ್ ತಣ್ಣೀರು ಹೋದ ಮೇಲೇ ಬಿಸಿ. ಅದನ್ನು ಹಿಡಿದು ಗಿಡಕ್ಕೆ ಹಾಕಲು ಇನ್ನೊಂದು ಬಕೆಟ್. ನೋಡು, ಬಕೆಟ್ ಇಲ್ಲದೆ ನಡೆಯುವುದೇ ಇಲ್ಲ.

ಅಪ್ಪನ ಬಾತ್‌ರೂಮಿನ ಬಗ್ಗೆ. ಹಿಡಿಕೆ ಹಾಕಿಸೋಣ ಅಂದರೆ ಅಣ್ಣ ‘ನನ್ನನ್ನೇನು ಆಸ್ಪತ್ರೆಗೆ ಸೇರಿಸ್ತೀಯಾ’ ಅನ್ನುತ್ತಾನೆ. ಅವನನ್ನು ಕೇಳಬೇಡ. ಎಲ್ಲರ ಬಾತ್‌ರೂಮಿಗೂ ಹಾಕಿಸು, ಟವೆಲ್ ರಾಡಿನ ಹಾಗೇ ಕಾಣುವ ಗಟ್ಟಿ ಸ್ಟೀಲಿನದು ಸಿಗುತ್ತದೆ. ಕಮೋಡಿನ ಪಕ್ಕ ಒಂದು, ಶವರಿನ ಬಳಿ ಒಂದು, ನೆಲದಿಂದ ಹೆಚ್ಚುಕಡಿಮೆ ಮೂರಡಿಯಲ್ಲಿ. ಆದರೆ ನಿಮ್ಮ ಒಳಗೋಡೆಗಳು ಹಾಲೋ ಬ್ಲಾಕಿನವು, ಒಳಗೆ ಪೊಳ್ಳು. ಅದಕ್ಕೆ ಬೋಲ್ಟ್ ಹೊಡೆದರೆ ಎಪ್ಪತ್ತೈದು ಕೆಜಿಯ ಮನುಷ್ಯ ಜಗ್ಗಿದಾಗ ಬೋಲ್ಟೂ ಅವನ ಜೊತೆಗೇ ಬರುತ್ತದೆ. ಟೈಲ್ಸಿಗೆ ಮೊದಲೇ ಆ ಜಾಗದ ಬ್ಲಾಕಿನೊಳಗೆ ಕಾಂಕ್ರೀಟ್ ತುಂಬಿಸಿಬಿಡು. ಹಿಡಿಕೆ ಈಗ ಬೇಡವೆಂದರೂ ಗೋಡೆ ಸಿದ್ಧವಿರಲಿ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೇ ಒರಗಿಕೊಂಡಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಒಡೆಯದೆ ದಾರಿಯಿಲ್ಲ. ಚಿಲಕವೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ಬಿಚ್ಚುವಂಥದ್ದು. ಕಮೋಡಿನ ಸೀಟು ಹದಿನೆಂಟು ಇಂಚಿನಷ್ಟು ಎತ್ತರವಿದ್ದರೆ ಮಂಡಿಯವರಿಗೆ ಏಳುವುದು ಸುಲಭ. ರಾತ್ರಿಗೆ ಕಾಲ ಬಳಿ ಒಂದು ಮಂದ ದೀಪ.

ಅಲಂಕಾರದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಅದು ನಿಮ್ಮಿಬ್ಬರ ರುಚಿ. ಕನ್ನಡಿಯ ದೀಪ ಮುಖದ ಮೇಲೆ ಬೀಳಬೇಕು, ತಲೆಯ ಹಿಂದಿನಿಂದಲ್ಲ. ಸಿಂಕಿನ ಕೆಳಗೆ ಪ್ಲೈವುಡ್ ಡಬ್ಬ ಬೇಡ, ಯಾವ ಹೆಸರಿನ ಪ್ಲೈ ಆದರೂ ಅಂಚಿನಿಂದ ಉಬ್ಬುತ್ತದೆ. ಗ್ರಾನೈಟ್ ಹಲಗೆಯೇ ಸರಿ. ಗೋಡೆಯಲ್ಲಿ ಗೂಡು ಬಿಡಿಸಿದರೆ ಅದರ ತಳ ಹೊರಕ್ಕೆ ಕೊಂಚ ವಾಲಿರಲಿ, ಇಲ್ಲದಿದ್ದರೆ ಸೋಪು ಸದಾ ಲೋಳೆ. ಒಣಬಟ್ಟೆ ನೇತುಹಾಕಲು ನೀರು ಸಿಡಿಯದ ಕಡೆ ಎರಡು ಕೊಕ್ಕೆ, ಮುಚ್ಚಳವಿರುವ ಕಸದ ಡಬ್ಬಕ್ಕೆ ಕಮೋಡಿನ ಪಕ್ಕ ಒಂದಡಿ ಜಾಗ. ಗಂಡಸರು ಬಿಡಿಸಿದ ನಕ್ಷೆಯಲ್ಲಿ ಇವೆರಡೂ ಇದ್ದದ್ದನ್ನು ನಾನು ಕಂಡಿಲ್ಲ. ಕಿಟಕಿಯಂತೂ ಬೇಕೇ ಬೇಕು, ಎಕ್ಸಾಸ್ಟ್ ಫ್ಯಾನ್ ಅದರ ಜೊತೆಗೆ, ಅದರ ಬದಲಿಗಲ್ಲ. ವಾಸ್ತುವಿನವರು ಹೇಳಿದರೆಂದು ಪಶ್ಚಿಮದ ಆ ಕಿಟಕಿ ಮುಚ್ಚಿಸುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಕಮೋಡಿನ ದಿಕ್ಕು ಅವರಿಷ್ಟದಂತೆ ತಿರುಗಿಸಿಕೋ, ನನ್ನದೇನೂ ಅಡ್ಡಿಯಿಲ್ಲ. ಕಿಟಕಿ ಮಾತ್ರ ಬಿಡು. ಮಧ್ಯಾಹ್ನದ ಬಿಸಿಲು ಒಳಗೆ ಬಿದ್ದರೆ ನೆಲ ತಾನಾಗಿ ಒಣಗುತ್ತದೆ.

ತೊಳೆಯುವ ಹೆಂಗಸಿಗೆ ಆ್ಯಸಿಡ್ ತಂದುಕೊಡಬೇಡಿ. ನಲ್ಲಿಯ ಹೊಳಪನ್ನು ತಿನ್ನುತ್ತದೆ. ಆ್ಯಸಿಡ್ ಹಾಕಿದ ಕಡೆಗೇ ಯಾರಾದರೂ ಬ್ಲೀಚಿಂಗ್ ಪೌಡರ್ ಎರಚಿದರೆ ಏಳುವುದು ಕ್ಲೋರಿನ್ ಅನಿಲ, ಆ ಕಿರಿದಾದ ಕೋಣೆಯಲ್ಲಿ ಅವಳ ಎದೆ ಕಟ್ಟಿಹೋಗುತ್ತದೆ. ಸೋಪಿನ ಪುಡಿ, ಬ್ರಷ್ಷು ಸಾಕು, ಇಳಿಜಾರು ಸರಿಯಿದ್ದರೆ.

ಶನಿವಾರ ಪ್ಲಂಬರ್ ಬರುತ್ತಾನಲ್ಲ, ಅವತ್ತು ನಾನೂ ಬರುತ್ತೇನೆ, ಬೆಳಿಗ್ಗೆ ಒಂಬತ್ತಕ್ಕೆ ಮೆಟ್ರೋ ಸ್ಟೇಷನ್ನಿಗೆ ಗಾಡಿ ತಾ. ಲೇಪನ, ನೀರು ನಿಲ್ಲಿಸುವುದು ಎಲ್ಲ ಮುಗಿದ ಮೇಲೆ ಟೈಲ್ಸ್ ಅಂಗಡಿಗೆ ಹೋಗೋಣ, ಆಗ ಅಳತೆ ಸಹಿತ ಚೀಟಿ ಹಿಡಿದು ಹೋದರೆ ಅಂಗಡಿಯವನ ಕಾಫಿ ಕುಡಿದೂ ಬುದ್ಧಿ ನೆಟ್ಟಗಿರುತ್ತದೆ. ಅವನು ಎಷ್ಟು ಬೇಡವೆಂದರೂ ನೆಲದ ಟೈಲ್ಸ್ ಒಂದು ಪೆಟ್ಟಿಗೆ, ಗೋಡೆಯದು ಒಂದು ಪೆಟ್ಟಿಗೆ ಹೆಚ್ಚಿಗೆ ಕೊಳ್ಳಬೇಕು, ಅದೇ ಬ್ಯಾಚ್ ನಂಬರಿನದು. ಆರು ತಿಂಗಳು ಬಿಟ್ಟು ಹೋದರೆ ಅದೇ ಹೆಸರಿನ ಟೈಲ್ ಬೇರೆ ಛಾಯೆಯಲ್ಲಿ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಯಾವ ಬಾತ್‌ರೂಮಿನದು ಎಂದು ಮಾರ್ಕರಿನಲ್ಲಿ ಬರೆದು ಮೆಟ್ಟಿಲ ಕೆಳಗೆ ಇಡಿಸು, ನಿಮ್ಮಮ್ಮ ಗುಜರಿಗೆ ಹಾಕದ ಹಾಗೆ ನೋಡಿಕೋ.